ನಾನು ಬಿದ್ದರೆ ಊರು ಕೂರುತ್ತದೆ

ನಾನು ಬಿದ್ದರೆ ನಮ್ಮೂರು ಕೂರುತ್ತದೆ. ಕೂರಬೇಕೆಂದು ಯಾರೂ ಠರಾವು ಮಾಡಿಲ್ಲ, ಮೊಣಕಾಲುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಎಡವಿ ಬಿದ್ದವರಿಗೆ, ಕುಡಿದು ಬಿದ್ದವರಿಗೆ ಯಾರೂ ಕೂರುವುದಿಲ್ಲ. ಮೂರ್ಛೆ ರೋಗ ಇರುವವರು ಫಿಟ್ಸ್ ಬಂದು ನೆಲಕ್ಕೆ ಬಿದ್ದರೆ ಮಾತ್ರ, ಈ ತುದಿಯ ಕುಂಬಾರಗೇರಿಯಿಂದ ಆ ತುದಿಯ ಗಡಿಕಲ್ಲಿನವರೆಗೆ ನಿಂತವರೆಲ್ಲ ನಿಂತಲ್ಲೇ ಕೂತುಬಿಡುತ್ತಾರೆ. ಬಿದ್ದವರು ಕಣ್ಣು ಬಿಡುವ ತನಕ ಏಳಲಾಗುವುದಿಲ್ಲ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನಲ್ಲಿ ಯಾಕೆ ಯಾರೂ ಕೂರುವುದಿಲ್ಲ ಎಂದು ನಾನೇನು ನಿಮ್ಮನ್ನು ಕೇಳಿದೆನೇ?

ನಮಗೆ ಇದೆಲ್ಲ ರೂಢಿ. ನಮ್ಮ ಒಲೆಗಳೆಲ್ಲ ನೆಲದ ಮೇಲೆ ಇರುತ್ತಿದ್ದವು, ಸುತ್ತ ಇಟ್ಟಿಗೆಯ ಕಟ್ಟೆ. ಕ್ಷೌರದಂಗಡಿಯಲ್ಲಿ ಗಿರಾಕಿಯೂ ಕೂತಿರುತ್ತಿದ್ದ, ಕ್ಷೌರ ಮಾಡುವವನೂ ಕೂತಿರುತ್ತಿದ್ದ. ಲೈನ್‌ಮನ್ ಸೊಂಟವನ್ನು ಕಂಬಕ್ಕೆ ಬಿಗಿದುಕೊಳ್ಳದೆ ತಂತಿ ಮುಟ್ಟುತ್ತಿರಲಿಲ್ಲ. ಕ್ರಿಕೆಟ್ಟಿನಲ್ಲಿ ರನ್ನಿಗೆ ಓಡುವವನು ಅರ್ಧ ದಾರಿಯಲ್ಲಿ ಕೂತರೆ ಔಟು ಕೊಡುವಂತಿಲ್ಲ. ಹಾಗೆಂದು ಸುಮ್ಮಸುಮ್ಮನೆ ಕೂತು ಮೋಸ ಮಾಡುವವರೂ ಇದ್ದರು, ಅವರನ್ನು ಹಿಡಿಯುವುದು ಸುಲಭ, ಅಂಪೈರ್ ನಿಂತೇ ಇರುತ್ತಿದ್ದನಲ್ಲ. ಹೊರಗಿನಿಂದ ಬಂದವರಿಗೂ ವಿನಾಯಿತಿ ಇಲ್ಲ. ಒಮ್ಮೆ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಇಡೀ ದಂಡು ಚರಂಡಿ ಪಕ್ಕ ಕೂತು, ಎದ್ದ ಮೇಲೆ ಹೆಣ್ಣನ್ನು ನೋಡದೆಯೇ ಬಸ್ಸು ಹತ್ತಿತು. ಹೆಣ್ಣಿನ ಮನೆಯವರು ನನಗೆ ಬೈಯಲಿಲ್ಲ. ಆ ಗಂಡಿನ ಮೀಸೆ ತಮಗೂ ಹಿಡಿಸಿರಲಿಲ್ಲ ಅಂದರು.

ನನ್ನ ಹೆಸರು ಚಂದ್ರಮತಿ. ಏಳನೇ ಕ್ಲಾಸಿನಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಮೊದಲ ಸಲ ಬಿದ್ದೆ. ಹೆಡ್‌ಮಾಸ್ತರರೂ ಸೇರಿ ಇಡೀ ಶಾಲೆ ಮಣ್ಣಿನಲ್ಲಿ ಕೂತಿತಂತೆ. ನ್ಯಾಯವಾಗಿ ಹೇಳಬೇಕೆಂದರೆ ಊರು ನನ್ನನ್ನು ಯಾವತ್ತೂ ಹೀಯಾಳಿಸಿಲ್ಲ. ಬೇರೆ ಕಡೆ ಬಿದ್ದವರ ಕೈಗೆ ಕಬ್ಬಿಣ ಹಿಡಿಸುತ್ತಾರಂತೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರಂತೆ. ನಮ್ಮಲ್ಲಿ ಅದೆಲ್ಲ ಇಲ್ಲ, ಎದ್ದು ಹೋಗಿ ತರುವುದಕ್ಕೆ ಯಾರ ಕೈಲೂ ಆಗುವುದಿಲ್ಲ. ಹತ್ತಿರ ಇದ್ದವರು ಕೂತಲ್ಲಿಂದಲೇ ತೆವಳಿ ಬಂದು, ನನ್ನನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಸೆರಗೋ ಟವೆಲ್ಲೋ ಇಟ್ಟು ಕಾಯುತ್ತಾರೆ. ಬೇಕಾದದ್ದೂ ಅಷ್ಟೇ.

ಓದು ಮುಗಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಕೆಲಸ ಸಿಕ್ಕಿತು. ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ, ಎಲ್ಲಿ ನಿಂತಿದೆ, ಯಾವುದು ತಡ ಎಂದು ಹೇಳುವ ಕೆಲಸ. ನನ್ನ ದನಿ ಕೇಳಿದರೆ ಹೊರಟವರಿಗೂ ಇನ್ನೊಂದು ಟೀ ಕುಡಿದು ಹೋಗೋಣ ಅನ್ನಿಸುತ್ತದೆ ಎನ್ನುತ್ತಿದ್ದರು. ಜಂಬಕ್ಕೆ ಹೇಳುತ್ತಿಲ್ಲ. ಅಥವಾ ಜಂಬಕ್ಕೇ ಹೇಳುತ್ತಿದ್ದೇನೆ, ಏನೀಗ? ಆ ಗೂಡಿನಂಥ ಕೋಣೆ, ಆ ಮೈಕು, ಕಿಟಕಿಯಾಚೆಯ ಜನ, ಇವುಗಳಷ್ಟು ನನ್ನವು ಅನ್ನಿಸಿದ್ದು ಬೇರೆ ಯಾವುದೂ ಇಲ್ಲ.

ಒಂದು ಸಂಜೆ ಅಲ್ಲೇ ಬಿದ್ದೆ. ಕೋಣೆಯ ಎದುರು ಬೋಂಡ ಕರಿಯುವ ಸಾಕಮ್ಮ ಆಗಷ್ಟೇ ಎದ್ದು ನಿಂತು ಬಾಣಲೆ ಇಳಿಸುತ್ತಿದ್ದಳು. ಕೂತಳು, ಎಣ್ಣೆ ಚೆಲ್ಲಿತು, ಬಲಗೈ ಮೊಣಕೈವರೆಗೆ ಬೆಂದಿತು. ನನಗೆ ಎಚ್ಚರವಾದಾಗ ಮೊದಲು ಕಿವಿಗೆ ಬಿದ್ದದ್ದು ಅವಳ ನರಳಾಟ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ನನ್ನ ಮಾತ್ರೆ ಬದಲಿಸಿದರು. ಹೊಸ ಮಾತ್ರೆ ಒಗ್ಗಿತು, ಬೀಳುವುದು ನಿಂತಿತು. ವರ್ಷ ಕಳೆಯಿತು, ಇನ್ನೂ ವರ್ಷಗಳು ಕಳೆದವು, ಊರು ಕೂರಲೇ ಇಲ್ಲ. ಒಂದೊಂದಾಗಿ ಒಲೆಗಳು ಮೇಲೇರಿದವು. ಕ್ಷೌರಿಕ ನಿಂತು ಕೆಲಸ ಮಾಡತೊಡಗಿದ. ನಾನು ಕೊನೆಯ ಸಲ ಬಿದ್ದ ದಿನವನ್ನೇ ಊರು ಪ್ರತಿವರ್ಷ ನಿಂತ ಹಬ್ಬ ಎಂದು ಮಾಡತೊಡಗಿತು. ಅವತ್ತು ಬೆಳಗಿನಿಂದ ಸಂಜೆವರೆಗೆ ಯಾರೂ ಕೂರುವಂತಿಲ್ಲ. ಊಟವೂ ನಿಂತೇ.

ನಾನು ಮಾತ್ರ ಮೈಕಿಗೆ ಮರಳಲಿಲ್ಲ. ಮೊದಮೊದಲು ದಣಿವು ಎಂದೆ, ಆಮೇಲೆ ಗಂಟಲು ಸರಿಯಿಲ್ಲ ಎಂದೆ. ನಿಜವೆಂದರೆ ನನಗೆ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಚಪ್ಪಲಿ ಮೆಟ್ಟಿದ ಕೂಡಲೇ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಬಾಯಿ ಒಣಗುತ್ತಿತ್ತು. ರೆಪ್ಪೆ ಅದುರಿದರೆ ಬಂತು ಅನ್ನಿಸುತ್ತಿತ್ತು, ಆಕಳಿಸಿದರೂ ಬಂತು ಅನ್ನಿಸುತ್ತಿತ್ತು. ಬೀದಿಯಲ್ಲಿ ಮಗುವನ್ನೆತ್ತಿಕೊಂಡು ಹೋಗುವವಳನ್ನು ಕಿಟಕಿಯಿಂದ ಕಂಡರೆ, ಈಗ ನಾನು ಬಿದ್ದರೆ ಆ ಮಗು ಏನಾದೀತು ಎಂದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದೆ. ಬೀಳುವಾಗ ನನಗೆ ಏನೂ ತಿಳಿಯುವುದಿಲ್ಲ. ಬೀಳದೆ ಇದ್ದಾಗಲೇ ಎಲ್ಲ ತಿಳಿಯುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹಿಂದೆಂದೋ ರೆಕಾರ್ಡ್ ಮಾಡಿಟ್ಟಿದ್ದ ನನ್ನ ದನಿಯನ್ನೇ ಹಾಕುತ್ತಿದ್ದರು. ನಿಂತುಹೋದ ಬಸ್ಸುಗಳನ್ನೂ ಅದು ಕರೆಯುತ್ತಿತ್ತು. ದಿನವೂ ಅಡುಗೆಮನೆಯಲ್ಲಿ ಕೂತು ನನ್ನ ದನಿಯನ್ನು ಕೇಳಿಸಿಕೊಂಡು, ನನಗೆ ಆ ರೆಕಾರ್ಡಿನವಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೆದರಿಕೆಯೇ ಬೀಳುವುದನ್ನು ಕರೆತರುತ್ತದೆ ಎಂಬುದು ಊರಿನ ನಂಬಿಕೆ. ಅದಕ್ಕಾಗಿ ಪ್ರತಿ ಸೋಮವಾರ ಊರಿನ ಯಜಮಾನ ಕರಿಬಸಪ್ಪನವರು ಬೀಳುವವರ ಮನೆಗೆ ಬಂದು, ಜಗಲಿಯ ಮೇಲೆ ನಿಂತು ಕೇಳಬೇಕು: "ಏನವ್ವ, ಹೆದ್ರಿಕೆ ಏನೂ ಇಲ್ವಲ್ಲ?" ಬೀಳುವವರು ಏನೂ ಇಲ್ಲ ಎನ್ನಬೇಕು. ಅವರು ಕಾಫಿ ಕುಡಿದು ಹೋಗಬೇಕು. ಇದು ಅವರ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಒಬ್ಬನೇ ಒಬ್ಬ ಬೇರೆ ಉತ್ತರ ಕೊಟ್ಟಿದ್ದ. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಭುಜಂಗಣ್ಣ ಅವನು, ನನ್ನ ಹಾಗೇ ಬೀಳುತ್ತಿದ್ದವನು. ಬೀಳುವುದು ನಿಂತು ಬಹಳ ಕಾಲವಾಗಿದ್ದರೂ, "ಒಂದೊಂದು ಸಲ ಬೆಂಕಿ ಮುಂದೆ ಕೂತಾಗ ಹೆದ್ರಿಕೆ ಆಗ್ತೈತೆ ಯಜಮಾನ್ರೆ" ಅಂದುಬಿಟ್ಟ. ಮಾರನೆಯ ದಿನ ಅವನನ್ನು ಗಡಿಕಲ್ಲಿನ ಆಚೆಗೆ ಕಳಿಸಿದರು. ಅಲ್ಲಿ ಯಾರು ಬಿದ್ದರೂ ಊರು ಕೂರುವುದಿಲ್ಲ. ಈಗಲೂ ಊರಿನ ಪಾತ್ರೆಗಳೆಲ್ಲ ಕಲಾಯಿಗೆ ಅವನ ಗುಡಿಸಲಿಗೇ ಹೋಗುತ್ತವೆ, ಅವನು ಮಾತ್ರ ಒಳಗೆ ಬರುವಂತಿಲ್ಲ. ಅವನು ಹೋದ ಮೇಲೆ ಊರಿನಲ್ಲಿ ಬೀಳುವವಳು ಎಂದು ಉಳಿದದ್ದು ನಾನೊಬ್ಬಳೇ.

ಹೀಗಿರುವಾಗ ಸರ್ಕಾರಿ ದವಾಖಾನೆಗೆ ತಬಸ್ಸುಮ್ ಎಂಬ ಹೊಸ ಡಾಕ್ಟರು ಬಂದರು. ನನ್ನ ಮಾತ್ರೆಗಳನ್ನು ತಿಂಗಳಿಗೊಮ್ಮೆ ಅವ್ವ ಹೋಗಿ ತರುತ್ತಿದ್ದಳು. "ನುಂಗೋರನ್ನ ನೋಡದೆ ಮಾತ್ರೆ ಕೊಡೋದು ಹೇಗೆ?" ಎಂದು ಕೇಳಿ ಡಾಕ್ಟರು ಅವ್ವನ ಹಿಂದೆಯೇ ಮನೆಗೆ ಬಂದರು. ಅವ್ವನಿಗೆ ಟೀ ಮಾಡಲು ಹೇಳಿ ಒಳಗೆ ಕಳಿಸಿ, ನನ್ನೆದುರು ಚಾಪೆಯ ಮೇಲೆ ಕೂತರು.

"ಫಿಟ್ಸ್ ವಿಷಯ ಆಮೇಲೆ ಮಾತಾಡೋಣ. ಕಳೆದ ವಾರ ಮನೆಯಿಂದ ಹೊರಗೆ ಯಾವಾಗ ಹೋಗಿದ್ರಿ?" ಎಂದರು.

"ಹೆದ್ರಿಕೆ ಏನೂ ಇಲ್ಲ," ಎಂದೆ. ಬಾಯಿಪಾಠ.

"ಹೆದರಿಕೆ ಇದೆಯಾ ಅಂತ ನಾನು ಕೇಳ್ಲೇ ಇಲ್ವಲ್ಲ. ಹೊರಗೆ ಯಾವಾಗ ಹೋಗಿದ್ರಿ ಅಂತ ಕೇಳ್ದೆ."

ನನಗೆ ಸಿಟ್ಟು ಬಂತು. ಹೋಗಿದ್ದೆ ಅಂದೆ. ಎಲ್ಲಿಗೆ ಅಂದರು. ನಲ್ಲಿಗೆ ಅಂದೆ. ನಲ್ಲಿ ನಿಮ್ಮ ಅಂಗಳದಲ್ಲೇ ಇದೆಯಲ್ಲ ಅಂದರು. ಆಮೇಲೆ ಒಂದೊಂದಾಗಿ ಕೇಳುತ್ತ ಹೋದರು. ಯೋಚನೆ ಶುರುವಾದರೆ ನಿಲ್ಲಿಸಲು ಆಗುತ್ತದೆಯೇ? ಏನೋ ಕೆಟ್ಟದ್ದು ಆಗಿಯೇ ಆಗುತ್ತದೆ ಅನ್ನಿಸುತ್ತದೆಯೇ? ಎದೆ ಹೊಡೆದುಕೊಳ್ಳುತ್ತದೆಯೇ? ಬೇಕಾದ ಕಡೆ ಹೋಗುವುದನ್ನು ಬಿಟ್ಟಿದ್ದೀರಾ? ಹೆಚ್ಚುಕಡಿಮೆ ದಿನವೂ ಹೀಗೆಯೇ, ಇಲ್ಲ ಆಗೊಮ್ಮೆ ಈಗೊಮ್ಮೆಯೇ? ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಗೋಡೆಯನ್ನು ನೋಡುತ್ತಿದ್ದೆ. ಯಾವ ಪ್ರಶ್ನೆಯ ಜೊತೆಗೂ ಅವರು ಉತ್ತರವನ್ನು ತಂದಿರಲಿಲ್ಲ. ಅದಕ್ಕೇ ಇರಬೇಕು, ನಿಜ ಬಾಯಿಗೆ ಬಂದುಬಿಟ್ಟಿತು.

"ದಿನಾ," ಎಂದೆ. "ದಿನಾಲೂ ಹಿಂಗೇ."

"ಇದಕ್ಕೆ ಆತಂಕ ಅಂತಾರೆ ಚಂದ್ರಮತಿ. ಫಿಟ್ಸ್ ಇರೋರಲ್ಲಿ ಎಷ್ಟೋ ಜನಕ್ಕೆ ಇರುತ್ತೆ. ಫಿಟ್ಸ್ ನಿಂತ್ರೂ ಇದು ನಿಲ್ಲದೆ ಇರಬಹುದು. ಇದೇ ಒಂದು ಕಾಯಿಲೆ, ಇದಕ್ಕೇ ಬೇರೆ ಚಿಕಿತ್ಸೆ ಇದೆ. ನಾವು ಡಾಕ್ಟರುಗಳು ಎಷ್ಟು ಸಲ ಬಿದ್ರಿ ಅಂತ ಕೇಳ್ತೀವಿ, ಬಿದ್ದಿಲ್ಲ ಅಂದ್ರೆ ಸಂತೋಷ ಅಂತ ಕಳಿಸಿಬಿಡ್ತೀವಿ."

ನಾನು ಅತ್ತೆ. ದುಃಖಕ್ಕಲ್ಲ. ಇಷ್ಟು ವರ್ಷ ನನ್ನನ್ನು ತಿಂದದ್ದಕ್ಕೆ ಒಂದು ಹೆಸರಿದೆ, ಔಷಧಿ ಇದೆ, ಕೇಳುವ ಕ್ರಮವೂ ಇದೆ, ಆದರೂ ಯಾರೊಬ್ಬರೂ ಕೇಳಲಿಲ್ಲವಲ್ಲ ಎಂಬ ರೋಷಕ್ಕೆ ಅತ್ತೆ. ಅವ್ವ ಟೀ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಪ್ರತಿ ಗುರುವಾರ ದವಾಖಾನೆಗೆ ಆಪ್ತಸಲಹೆಯ ಮೇಡಂ ಒಬ್ಬರು ಬರುತ್ತಾರೆ, ನೀವೂ ಬರಬೇಕು, ಇದನ್ನು ನಿಧಾನವಾಗಿ ಬಿಡಿಸಿಕೊಳ್ಳಬಹುದು, ಬೇಕಾದರೆ ಮಾತ್ರೆಯೂ ಇದೆ ಎಂದರು ಡಾಕ್ಟರು. ಗುರುವಾರ ಗುರುವಾರ ಯಾಕೆ ಹೋಗುತ್ತೀ ಎಂದು ಊರು ಕೇಳುತ್ತದೆ ಎಂದೆ. ಕೇಳುತ್ತದೆ ಎಂದರು. ಹೇಳಿದರೆ ಗಡಿ ದಾಟಿಸುತ್ತಾರೆ ಎಂದೆ. "ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ," ಅಂದರು.

ಅವರು ಹೋದ ಮೇಲೆ ಅವ್ವ ನನ್ನ ಮೇಲೆ ಹರಿಹಾಯ್ದಳು. "ಬಾಯಿ ಮುಚ್ಕೊಂಡಿರು. ಆಚೆಗೆ ಕಳಿಸಿದ್ರೆ ನಿನಗೆ ಯಾರವ್ರೆ? ಮನೇಲಿದ್ದೀಯ, ಉಣ್ತೀಯ, ಬೀಳ್ತಾ ಇಲ್ಲ. ಇನ್ನೇನ್ ಬೇಕು?"

"ಬಸ್ ಸ್ಟ್ಯಾಂಡು ಬೇಕು," ಎಂದೆ.

"ಬಸ್ ಸ್ಟ್ಯಾಂಡಂತೆ! ನಿನ್ನ ನೋಡ್ಕೊಂಡು ನೋಡ್ಕೊಂಡು ನನ್ನ ಕಣ್ಣು ಸೋತ್ವು. ನನಗೇನು ಹೆದ್ರಿಕೆ ಇಲ್ಲ ಅಂದ್ಕೊಂಡಿದೀಯ?" ಅಂದವಳು ತನ್ನ ಮಾತಿಗೆ ತಾನೇ ಬೆಚ್ಚಿ, ಒಲೆಯ ಕಡೆ ತಿರುಗಿಬಿಟ್ಟಳು. ಅವಳ ಮೇಲೆ ಕೋಪ ಇತ್ತು, ಕನಿಕರವೂ ಇತ್ತು. ಕೋಪ ಜಾಸ್ತಿ ಇತ್ತು.

ನಿಂತ ಹಬ್ಬ ಬಂತು. ಬಸ್ ಸ್ಟ್ಯಾಂಡಿನ ಅಂಗಳದಲ್ಲೇ ವೇದಿಕೆ ಹಾಕುತ್ತಾರೆ. ವರ್ಷದಲ್ಲಿ ಅದೊಂದು ದಿನ ಅವ್ವನ ತೋಳು ಹಿಡಿದು ಹೇಗೋ ಅಲ್ಲಿಯವರೆಗೆ ಹೋಗುತ್ತಿದ್ದೆ, ಬಂದು ಎರಡು ದಿನ ಮಲಗುತ್ತಿದ್ದೆ. ಕರಿಬಸಪ್ಪನವರು ನನಗೆ ಹಾರ ಹಾಕಿ, ಸೋಮವಾರದ ಪ್ರಶ್ನೆಯನ್ನೇ ಮೈಕಿನಲ್ಲಿ ಕೇಳುತ್ತಾರೆ. ನಾನು ಏನೂ ಇಲ್ಲ ಎಂದ ಕೂಡಲೇ ಚಪ್ಪಾಳೆ, ಆಮೇಲೆ ಪಾಯಸ. ಆ ವರ್ಷವೂ ಹಾರ ಬಂತು. ನನ್ನ ಎದೆ ಹಾರದ ಕೆಳಗೆ ಹೊಡೆದುಕೊಳ್ಳುತ್ತಿತ್ತು.

"ಏನವ್ವ ಚಂದ್ರಿ, ಊರ ಮುಂದೆ ಹೇಳು. ಹೆದ್ರಿಕೆ ಏನೂ ಇಲ್ವಲ್ಲ?"

ಏನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಆಚೆ ಆ ಗೂಡಿನ ಕೋಣೆ ಕಾಣುತ್ತಿತ್ತು, ಬೀಗ ಹಾಕಿದ್ದರು. ನನ್ನ ಕೋಣೆಗೆ ಬೀಗ! ಮೈಕನ್ನು ಅವರ ಕೈಯಿಂದ ತೆಗೆದುಕೊಂಡೆ.

"ಐತೆ ಯಜಮಾನ್ರೆ. ಬೇಕಾದಷ್ಟು ಐತೆ. ದಿನಾ ಐತೆ. ನೀವು ಸೋಮವಾರ ಬಂದು ಇಲ್ಲ ಅನ್ನಿಸ್ಕೊಂಡು ಹೋಗ್ತಿದ್ರಲ್ಲ, ಆವಾಗ್ಲೂ ಇತ್ತು. ನಾನು ಮನೆ ಬಿಟ್ಟು ಹೊರಗೆ ಬರ್ದೇ ಇರೋದು ಅದಕ್ಕೇ. ಇದು ಕಾಯಿಲೆ ಅಂತೆ, ಇದಕ್ಕೆ ಔಷಧಿ ಐತಂತೆ. ಮುಂದಿನ ಗುರುವಾರದಿಂದ ನಾನು ದವಾಖಾನೆಗೆ ಹೋಗ್ತೀನಿ. ಯಾಕೆ ಅಂತ ಯಾರೂ ಕಿಟಕೀಲಿ ಇಣುಕಿ ನೋಡ್ಬೇಡಿ, ಈಗ್ಲೇ ಹೇಳಿದೀನಿ."

ಊರಿಗೆ ಊರೇ ಅರ್ಧ ಬಗ್ಗಿತು. ಹೆದರಿಕೆ ಇದೆ ಎಂದವಳು ಈಗ ಬಿದ್ದೇ ಬೀಳುತ್ತಾಳೆ ಎಂದು ಎಲ್ಲರೂ ಮೊಣಕಾಲು ಸಡಿಲಿಸಿ, ಕೈಗೆ ಸಿಕ್ಕ ಕಂಬ, ಗೋಡೆ, ಪಕ್ಕದವರ ಭುಜ ಹಿಡಿದುಕೊಂಡರು. ಎತ್ತಿಕೊಂಡ ಮಕ್ಕಳನ್ನು ಇಳಿಸಿದರು. ಪಾಯಸದ ಹಂಡೆ ಹೊತ್ತವರು ಹಂಡೆ ಇಟ್ಟು ದೂರ ಸರಿದರು. ನಾನೂ ಕಾದೆ. ನನ್ನ ಕಿವಿ ಗುಯ್ಯೆನ್ನುತ್ತಿತ್ತು, ನನಗೂ ಬಂತು ಅನ್ನಿಸಿತು. ಆ ಜಾತ್ರೆಯಷ್ಟು ಜನರಲ್ಲಿ ನೆಟ್ಟಗೆ ನಿಂತದ್ದು ಒಬ್ಬಳೇ, ನನ್ನವ್ವ. ಅವಳು ಒಂದೇ ಸಮನೆ ನನ್ನ ಕಣ್ಣನ್ನು ನೋಡುತ್ತಿದ್ದಳು. ಬೀಳುವ ಮುಂಚೆ ನನ್ನ ಕಣ್ಣು ಹೇಗೆ ಒಂದು ಕಡೆಗೆ ನಿಲ್ಲುತ್ತದೆ ಎಂಬುದು ಅವಳಿಗಲ್ಲದೆ ಯಾರಿಗೆ ಗೊತ್ತು?

"ಎದ್ದೇಳ್ರಪ್ಪ ಎಲ್ಲಾ!" ಎಂದು ಕೂಗಿದಳು ಅವ್ವ. "ಇದು ಅದಲ್ಲ. ನನ್ನ ಮಗಳು ಬೀಳ್ತಾ ಇಲ್ಲ. ಹೆದ್ರಿಕೊಂಡವ್ಳೆ ಅಷ್ಟೆ. ಹೆದ್ರಿಕೊಂಡೇ ನಿಂತವ್ಳೆ, ನೋಡ್ರಿ!"

ನಾನು ಬೀಳಲಿಲ್ಲ. ಕಾದು ಕಾದು ಜನರ ತೊಡೆ ನೋವು ಬಂದು, ಒಬ್ಬೊಬ್ಬರೇ ನಾಚಿಕೊಂಡು ನೇರವಾದರು. ಕರಿಬಸಪ್ಪನವರು ಮಾತ್ರ ಮೈಕಿನ ಕೋಲು ಹಿಡಿದು ಇನ್ನೂ ಬಗ್ಗಿಯೇ ಇದ್ದರು. ಹಾಗೇ ಹೇಳಿದರು: "ಬಾಯಿ ಬಿಟ್ಟು ಹೇಳಿದ ಮೇಲೆ ಮುಗೀತವ್ವ. ಪದ್ಧತಿ ಪದ್ಧತೀನೇ. ನಾಳೆ ನೀನು ಗಡಿಕಲ್ಲಿನ ಆಚೆ ಇರ್ಬೇಕು."

"ನಾನು ಹೋಗಲ್ಲ."

"ಹೋಗಲ್ಲ ಅಂದ್ರೆ? ಭುಜಂಗ ಹೋಗ್ಲಿಲ್ವ?"

"ಅವನು ನಡೆದ. ನಾನು ನಡೆಯಲ್ಲ. ಬೇಕಾದ್ರೆ ಹೊತ್ಕೊಂಡು ಹೋಗಿ. ಅರ್ಧ ದಾರೀಲಿ ನಿಮ್ಮ ಹೆಗಲ ಮೇಲೆ ನನಗೆ ಫಿಟ್ಸ್ ಬಂದ್ರೆ ನಿಮ್ಮ ಮೊಣಕಾಲು ಏನಾಗುತ್ತೆ ಅನ್ನೋದನ್ನ ಮೊದ್ಲು ಯೋಚನೆ ಮಾಡಿ. ಯಾರು ಹೊರ್ತೀರಿ, ಬನ್ನಿ ಮುಂದೆ."

ಯಾರೂ ಬರಲಿಲ್ಲ. ಅವತ್ತು ಇಡೀ ಊರಿಗೆ ಒಂದು ಸಂಗತಿ ಹೊಳೆಯಿತು, ನನಗೂ ಆಗಲೇ ಹೊಳೆದದ್ದು. ನಮ್ಮೂರಿನಿಂದ ಯಾರನ್ನೂ ಯಾವ ಕಾಲದಲ್ಲೂ ಹೊತ್ತು ಹಾಕಿಲ್ಲ, ಹೊರಲು ಆಗುವುದೂ ಇಲ್ಲ. ಭುಜಂಗಣ್ಣ ಬೆಂಕಿ ಊದುವ ತನ್ನ ತಿದಿಯನ್ನು ತಾನೇ ಹೆಗಲಿಗೇರಿಸಿಕೊಂಡು ತನ್ನ ಕಾಲಿನಲ್ಲೇ ನಡೆದುಹೋಗಿದ್ದ. ಹೋದವನು ಒಪ್ಪಿಕೊಂಡು ನಡೆದದ್ದರಿಂದಲೇ ಅದು ಕಾನೂನಾಗಿತ್ತು. ನಾನು ಹಾರ ತೆಗೆದು ವೇದಿಕೆಯ ಅಂಚಿನಲ್ಲಿ ಕೂತೆ. ನಿಂತ ಹಬ್ಬದ ದಿನ ಎಲ್ಲರೂ ನಿಂತಿರುವಾಗ ನಾನೊಬ್ಬಳೇ ಆರಾಮಾಗಿ ಕೂತೆ.

ಆಗ ಸಾಕಮ್ಮ ಮುಂದೆ ಬಂದಳು. ನನಗೆ ಹೆದರಿಕೆಯಾದದ್ದು ಆಗಲೇ, ನಿಜವಾದದ್ದು. "ಹಂಗಾದ್ರೆ ನನ್ನ ಒಲೆ ಮತ್ತೆ ಕೆಳಗಿಳಿಸ್ಬೇಕಾ? ಈಗಿನ್ನೂ ಮೇಲೆ ಕಟ್ಟಿದೀನಿ," ಎಂದಳು.

"ಇಳಿಸಮ್ಮ," ಎಂದೆ. "ನಾನೂ ಬಂದು ಇಟ್ಟಿಗೆ ಹಿಡೀತೀನಿ. ನಾನು ಬೀಳಲ್ಲ ಅಂತ ಮಾತು ಕೊಡೋಕಾಗಲ್ಲ. ಅದಕ್ಕೇ ಅಂತ ಮನೇಲಿ ಕೂತಿರೋಕೂ ಆಗಲ್ಲ."

ಸಾಕಮ್ಮ ಗೊಣಗಿದಳು. ಗೊಣಗುತ್ತಲೇ ಒಲೆ ಇಳಿಸಿದಳು. ಎಲ್ಲರೂ ಅವಳಂತಲ್ಲ. ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುವವರಿದ್ದಾರೆ. ಹೋಗಲಿ, ರಸ್ತೆ ಅಗಲವಾಗಿದೆ. ಕರಿಬಸಪ್ಪನವರು ಸೋಮವಾರ ಬರುವುದನ್ನು ನಿಲ್ಲಿಸಿದರು. ನಮ್ಮನೆಯ ಕಾಫಿ ತಪ್ಪಿದ್ದಕ್ಕೆ ಅವರಿಗೆ ಬೇಸರವಿದೆ ಎಂದು ಕೇಳಿದ್ದೇನೆ.

ಗುರುವಾರಗಳು ಸುಲಭವಾಗಿರಲಿಲ್ಲ. ಮೊದಲ ಗುರುವಾರ ದವಾಖಾನೆ ತಲುಪುವುದರೊಳಗೆ ದಾರಿಯಲ್ಲಿ ಸಿಕ್ಕ ಜಗಲಿಗಳನ್ನೆಲ್ಲ ಹಿಡಿದುಕೊಂಡು ನಿಂತೆ. ಆಪ್ತಸಲಹೆಯ ಮೇಡಂ ನನ್ನಿಂದ ಏನೂ ದೊಡ್ಡದನ್ನು ಕೇಳಲಿಲ್ಲ. ಈ ವಾರ ಹೊಸ್ತಿಲ ಮೇಲೆ ನಿಂತು ಎದೆ ಬಡಿತ ತಾನಾಗಿ ಇಳಿಯುವ ತನಕ ಒಳಗೆ ಹೋಗಬೇಡ ಎಂದರು. ಆಮೇಲೆ ಬೀದಿಯ ತಿರುವಿನವರೆಗೆ, ಆಮೇಲೆ ಸಂತೆಯವರೆಗೆ. ಹೆದರಿಕೆ ಹೋಗಿಲ್ಲ. ಅದು ಮುಂಚೆ ಮನೆ ಯಜಮಾನಿಯ ಹಾಗೆ ಇತ್ತು, ಈಗ ಬಾಡಿಗೆಗೆ ಇದೆ. ಕೆಲವು ವಾರಗಳ ಮೇಲೆ ಅವ್ವ ಕಲಾಯಿಗೆ ಪಾತ್ರೆ ಕೊಡಲು ಹೋಗಿ ಭುಜಂಗಣ್ಣನಿಗೆ ಎಲ್ಲ ಹೇಳಿದಳಂತೆ. ಮುಂದಿನ ಗುರುವಾರ ಅವನು ತೊಳೆದ ಅಂಗಿ ತೊಟ್ಟು, ಗಡಿಕಲ್ಲು ದಾಟಿ ಒಳಗೆ ಬಂದು, ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತ. ಯಾರೂ ತಡೆಯಲಿಲ್ಲ. ಬಾಗಿಲು ತೆರೆದಾಗ, "ಮೊದ್ಲು ನೀನ್ ಹೋಗವ್ವ, ನನಗೆ ಕೈ ಕಾಲು ಆಡ್ತಿಲ್ಲ," ಅಂದ. ಇಬ್ಬರೂ ಒಟ್ಟಿಗೆ ಹೋದೆವು.

ನನ್ನ ಕೋಣೆಯ ಬೀಗವನ್ನು ನಾನೇ ತೆಗೆಸಿದೆ. ರೆಕಾರ್ಡು ನಿಲ್ಲಿಸಿದರು. ಈಗಿನ ನನ್ನ ದನಿ ಮೊದಲಿನಷ್ಟು ಇಂಪಾಗಿಲ್ಲ ಎಂದು ಒಂದಿಬ್ಬರು ಹೇಳಿದರು. ಇಲ್ಲದ ಬಸ್ಸನ್ನು ಇದು ಕರೆಯುವುದಿಲ್ಲ, ಸುಮ್ಮನೆ ಕೇಳಿ ಎಂದೆ.

ಮೊನ್ನೆ ಬಿದ್ದೆ. ಹೌದು, ಬಿದ್ದೆ. ಮಾತ್ರೆ ನುಂಗುತ್ತಿದ್ದರೂ ಒಮ್ಮೊಮ್ಮೆ ಹಾಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ಹೊತ್ತಿನಲ್ಲಿ ನನಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ, ಬಸ್ಸನ್ನು ಅಡ್ಡ ನಿಲ್ಲಿಸಿದ ಡ್ರೈವರಿಗೆ ಬೈಯುತ್ತಿದ್ದೆ. ಹೆದರಿಕೆಯೇ ಕರೆತರುತ್ತದೆ ಎನ್ನುವವರು ಇದನ್ನು ಗಮನಿಸಬೇಕು. ಕಣ್ಣು ಬಿಟ್ಟಾಗ ನಾನು ಮಗ್ಗುಲಾಗಿದ್ದೆ, ತಲೆ ಕೆಳಗೆ ಯಾರದೋ ಟವೆಲ್ಲು. ತುಂಬ ಹೊತ್ತು ಹಾಗೇ ಮಲಗಿ, ನೀರು ಕುಡಿದು, ನನ್ನ ಹೆಸರು ನನಗೆ ಪೂರ್ತಿ ನೆನಪಾದ ಮೇಲೆ ಕಿಟಕಿಯಿಂದ ನೋಡಿದೆ. ಜನ ಇನ್ನೂ ಬಸ್ಸು ಹತ್ತಿರಲಿಲ್ಲ. ಪಂಚೆಗೆ ಧೂಳು ಮೆತ್ತಿಕೊಂಡ ಕರಿಬಸಪ್ಪನವರೂ ಅವರ ನಡುವೆ ಇದ್ದರು. ಎಲ್ಲರೂ ನನ್ನ ಕೋಣೆಯ ಕಡೆಗೇ ನೋಡುತ್ತಿದ್ದರು. ಅವರು ಏನಕ್ಕೆ ಕಾಯುತ್ತಿದ್ದರೆಂದು ನನಗೆ ಗೊತ್ತಿತ್ತು. ಬಸ್ಸು ತಡವಾದಾಗಲೆಲ್ಲ ಮೈಕಿನಲ್ಲಿ ಅಡಚಣೆಗಾಗಿ ಕ್ಷಮಿಸಿ ಎನ್ನುವುದು ನಮ್ಮ ಕ್ರಮ. ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ ಎಂದು ಮೈಕು ಹಾಕಿದೆ.

"ಪ್ರಯಾಣಿಕರ ಗಮನಕ್ಕೆ. ಈಗಾಗಲೇ ಹೊರಡಬೇಕಿದ್ದ ಬಸ್ಸು ತಡವಾಗಿದೆ. ಕಾರಣ, ಚಂದ್ರಮತಿ ಬಿದ್ದಿದ್ದಳು. ಈಗ ಎದ್ದಿದ್ದಾಳೆ. ನೀವೂ ಬಟ್ಟೆ ಕೊಡವಿಕೊಂಡು ಬಸ್ಸು ಹತ್ತಿ."